ಬುಟ್ಟಿಯ ಮೇಲಿನ ಅಕ್ಕಿ, ಬುಟ್ಟಿಯೊಳಗಿನ ಅಕ್ಕಿ

ಸೊರಬ ತಾಲ್ಲೂಕಿನವರು, ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಓದುಗರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "ಕಳೆದ ಸಂಚಿಕೆಯಲ್ಲಿ ಕೆಳದಿ, ಇಕ್ಕೇರಿ, ಬಳ್ಳಿಗಾವಿಯ ಕಲ್ಲಿನ ಗುಡಿಗಳಿಗೆಲ್ಲ ಸೇರಿ ಎರಡೇ ಪುಟ. ಗದ್ದೆಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆ ಹಬ್ಬದ ಚಿತ್ತಾರದ ಬುಟ್ಟಿ, ಕಡುಬು, ಕಾಡಿನ ದೇವತೆ ಚೌಡಿಯ ಬನಕ್ಕೆ ಆರು ಪುಟ. ಕಲೆ ಅಂದರೆ ಕಲ್ಲಿನಲ್ಲಿ ಉಳಿದದ್ದು. ಅಡುಗೆ ಹೊಟ್ಟೆಪಾಡು. ಚೌಡಿ ಮೂಢನಂಬಿಕೆ. ಮೂರನ್ನೂ ಸಂಸ್ಕೃತಿ ಅಂತ ಒಂದೇ ಚೀಲಕ್ಕೆ ತುಂಬಬೇಡಿ." ಸಹಿ ಹಾಕಿದ ಮೇಲೆ ಕೆಳಗೆ ಇನ್ನೊಂದು ಸಾಲಿದೆ: "ಅಜ್ಜಿ ಹೋದ ಮೇಲೆ ನಮ್ಮನೆ ಬುಟ್ಟಿ ಅಟ್ಟದ ಮೇಲೇ ಇದೆ. ಯಾರೂ ಬರೆದಿಲ್ಲ."

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರ ಮೂರು ಸಲ ಓದಿದೆ. ಕಲ್ಲಿನ ಗುಡಿಗಳಿಗೆ ಎರಡು ಪುಟ ಕಡಿಮೆ ಆಯ್ತು ಅನ್ನುವುದನ್ನು ಒಪ್ಪುತ್ತೇನೆ. ಮುಂದೆ ಜಾಸ್ತಿ ಕೊಡುತ್ತೇವೆ. ಆದರೆ ಚೀಲದ ಮಾತು ಒಪ್ಪಲು ಆಗುತ್ತಿಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಲ್ಲಿನಿಂದಲೇ ಶುರು ಮಾಡೋಣ. ಇಕ್ಕೇರಿಯ ಅಘೋರೇಶ್ವರನ ಗುಡಿಗೆ ನೀವು ಹೋಗಿಯೇ ಇರುತ್ತೀರಿ. ಅಲ್ಲಿ ನೆಲದ ಕಲ್ಲಿನಲ್ಲಿ ಕೆಳದಿಯ ಮೂವರು ನಾಯಕರು ದೇವರಿಗೆ ಅಡ್ಡಬಿದ್ದ ಹಾಗೆ ಕೆತ್ತಿದ್ದಾರೆ. ನಾನು ಪ್ರತಿ ಸಲವೂ ಅಲ್ಲಿ ನಿಂತು ಯೋಚಿಸುತ್ತೇನೆ, ಇಷ್ಟು ಕಲ್ಲು ಕಡಿಸಿ ತಂದು ಕೆತ್ತಿಸಲು ಇವರಿಗೆ ದುಡ್ಡು ಎಲ್ಲಿಂದ ಬಂತು? ಗದ್ದೆಯಿಂದ ಬಂತು, ಕಾಡಿನಿಂದ ಬಂತು. ಘಟ್ಟದ ಮೆಣಸು, ಅಕ್ಕಿ ಎರಡೂ ಕರಾವಳಿಯ ಬಂದರುಗಳಿಗೆ ಇಳಿಯುತ್ತಿದ್ದವು. ಪೋರ್ಚುಗೀಸರು ಕೆಳದಿಯವರ ಜೊತೆ ಜಗಳವನ್ನೂ ಆಡಿದರು, ಒಪ್ಪಂದವನ್ನೂ ಮಾಡಿಕೊಂಡರು, ಎರಡಕ್ಕೂ ದೊಡ್ಡ ಕಾರಣ ಇದೇ ವ್ಯಾಪಾರ. ಆ ಮೆಣಸಿನ ಬಳ್ಳಿ ಎಲ್ಲಿ ಹಬ್ಬುತ್ತಿತ್ತು? ನಿಮ್ಮ ಸೊರಬದ ಕಾನುಗಳಲ್ಲಿ, ಅಂದರೆ ದಟ್ಟ ಹಸಿರು ಕಾಡುಗಳಲ್ಲಿ, ಹಬ್ಬುತ್ತಿತ್ತು. ಕಾನಿನ ಮರಕ್ಕೆ ಕೊಡಲಿ ಹಾಕಲು ಊರಿನವರು ಯಾಕೆ ಹೆದರುತ್ತಿದ್ದರು? ಒಳಗೆ ಚೌಡಿ ಇದ್ದಾಳೆ, ಹುಲಿಯಪ್ಪ ಇದ್ದಾನೆ ಅಂತ. ಹಾಗಿದ್ದ ಮೇಲೆ ಗುಡಿಯನ್ನು ಒಂದು ಕಡೆ, ಮೆಣಸನ್ನು ಇನ್ನೊಂದು ಕಡೆ, ಚೌಡಿಯನ್ನು ಮತ್ತೊಂದು ಕಡೆ ಇಡುವುದು ಹೇಗೆ ಹೇಳಿ.

ಈಗ ಬುಟ್ಟಿಗೆ ಬರುತ್ತೇನೆ. ಎರಡು ವರ್ಷದ ಹಿಂದೆ ದಸರಾ ಮುಗಿದ ವಾರ ಸಾಗರದ ಹತ್ತಿರದ ದೀವರ ಸಮುದಾಯದ ಒಂದು ಮನೆಯಲ್ಲಿ ಇಡೀ ಮಧ್ಯಾಹ್ನ ಕೂತಿದ್ದೆ. ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಒಣಗಿಸಿ, ಮೇಲೆ ಕೆಮ್ಮಣ್ಣು ಬಳಿದಿದ್ದರು. ನೆನೆಸಿದ ಅಕ್ಕಿಯನ್ನು ಆ ತಾಯಿ ಒರಳಿನಲ್ಲಿ ನುಣ್ಣಗೆ ಅರೆದರು. ಅರ್ಧ ಹಿಟ್ಟು ಕಡುಬಿನ ಪಾತ್ರೆಗೆ ಹೋಯಿತು, ಉಳಿದರ್ಧ ತೆಂಗಿನ ಚಿಪ್ಪಿಗೆ ಬಂತು. ಚಿಪ್ಪಿನದು ಬಿಳಿ ಬಣ್ಣ. ಕಪ್ಪು ಬೇಕಾದರೆ ಅದೇ ಅಕ್ಕಿಯನ್ನು ಕರಕಲಾಗುವ ತನಕ ಹುರಿದು ಅರೆಯುತ್ತಾರೆ. ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು. ನಾರಿನ ತುದಿಯನ್ನು ಜಜ್ಜಿ, ಹಿಟ್ಟಿನಲ್ಲಿ ಅದ್ದಿ, ಉಸಿರು ಬಿಗಿಹಿಡಿದು ಒಂದು ಎಳೆ ಎಳೆದರು. ಅಳತೆ ಪಟ್ಟಿ ಇಲ್ಲ, ಪೆನ್ಸಿಲ್ ಗುರುತು ಇಲ್ಲ. ಎಳೆಯ ಪಕ್ಕ ಇನ್ನೊಂದು ಎಳೆ, ಅದರ ಪಕ್ಕ ಭತ್ತದ ಸಸಿ, ಏಣಿ, ಜೋಗಿ ಜಡೆ. ಮದುವೆ ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರವೂ ಇದೇ ಕೈ, ಇದೇ ಹಿಟ್ಟು. ಮೊಮ್ಮಗಳೊಬ್ಬಳು ಚಿಪ್ಪಿನೊಳಗೆ ಬೆರಳು ಅದ್ದಿ ನೆಕ್ಕಿದಳು. ಬಣ್ಣ ಅಂತ ಯಾರೂ ಬೈಯಲಿಲ್ಲ. ಅದು ಅಕ್ಕಿ ಅಲ್ವಾ!

ಹುಣ್ಣಿಮೆಯ ಹಿಂದಿನ ರಾತ್ರಿ ಆ ಮನೆಯಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ. ಹೀರೆ, ಹರಿವೆ, ಅಮಟೆ, ಕೆಸ, ಬೇಲಿ ಮೇಲೆ ಹಿತ್ತಲಲ್ಲಿ ಸಿಕ್ಕಿದ ಸೊಪ್ಪೆಲ್ಲ ಅಕ್ಕಿಯ ಜೊತೆ ಬೆಂದು ಹಚ್ಚಂಬಲಿ ಆಯಿತು. ಬೆಳಕು ಹರಿಯುವ ಮೊದಲೇ ಗಂಡಸರು ದೊಂದಿ ಹಿಡಿದು, ಚಿಕ್ಕ ಬುಟ್ಟಿ ಹೊತ್ತು ಗದ್ದೆಗೆ ನಡೆದರು. ಬದುವಿನ ಮೇಲೆ ಹೋಗುತ್ತಾ ಹಚ್ಚಂಬಲಿ ಬೀರುತ್ತಾರೆ, ಸೊಪ್ಪುಗಳ ಹೆಸರು ಹೇಳಿ ಭೂಮ್ತಾಯಿಯನ್ನು ಉಣ್ಣಲು ಕರೆಯುತ್ತಾರೆ. ಒಂದು ಗದ್ದೆಯ ಕೂಗಿಗೆ ಆಚೆ ಗದ್ದೆಯವರು ಓಗೊಡುತ್ತಾರೆ. ಆ ಹೊತ್ತಿಗೆ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಭೂಮಿ ಬಸುರಿ, ಇದು ಅವಳ ಬಯಕೆ ಊಟ. ಬೆಳಿಗ್ಗೆ ದೊಡ್ಡ ಬುಟ್ಟಿಯಲ್ಲಿ ಕಡುಬು, ಪಲ್ಯ, ಪಾಯಸ ಎಲ್ಲ ಗದ್ದೆಗೆ ಬಂತು. ಪೈರಿಗೆ ತಾಳಿ ಸರ ಹಾಕಿ ಪೂಜೆ ಮಾಡಿದರು. ಕಾಗೆಗೊಂದು ಎಡೆ, ಇಲಿಗೂ ಒಂದು ಎಡೆ. ಪೈರು ತಿನ್ನುವ ಇಲಿಗೆ! ನಾನು ಕೇಳಿದೆ. ಅದಕ್ಕೂ ಹಸಿವು ಇಲ್ವಾ ಅಂದರು ಮನೆಯ ಯಜಮಾನರು, ಅಷ್ಟೇ.

ಅಲ್ಲಿ ಕಲೆ ಎಲ್ಲಿ ಮುಗಿಯಿತು, ಅಡುಗೆ ಎಲ್ಲಿ ಶುರುವಾಯಿತು ಅಂತ ನನಗೆ ಗೆರೆ ಎಳೆಯಲು ಬರಲಿಲ್ಲ. ಇದು ನಮ್ಮ ಮಲೆನಾಡಿನ ಕಥೆ ಮಾತ್ರ ಅಂತಲೂ ಅಲ್ಲ. ಸಾವಿರಾರು ವರ್ಷದ ಹಿಂದೆ ಈಜಿಪ್ಟಿನವರು ಸತ್ತವರ ಗೋರಿಯಲ್ಲಿ ರೊಟ್ಟಿ ಇಟ್ಟರು, ಅದೇ ಗೋರಿಯ ಗೋಡೆಗೆ ಉಳುವ, ಕೊಯ್ಯುವ ಚಿತ್ರ ಬರೆದರು. ಮಹಾರಾಷ್ಟ್ರದ ವಾರ್ಲಿ ಜನ ಇವತ್ತಿಗೂ ಮಣ್ಣಿನ ಗೋಡೆಗೆ ಅಕ್ಕಿ ಹಿಟ್ಟಿನಲ್ಲೇ ಬರೆಯುತ್ತಾರೆ. ಏನು ಉಂಡು ಬದುಕಿದರೋ ಅದರಲ್ಲೇ ಬರೆದರು, ಅದನ್ನೇ ದೇವರಿಗೂ ಕೊಟ್ಟರು.

ಅಡುಗೆ ಹೊಟ್ಟೆಪಾಡು ಅಂದಿದ್ದೀರಿ. ಸರಿ, ಕಳಲೆಯನ್ನೇ ತಗೊಳ್ಳಿ. ಎಳೆ ಬಿದಿರಿನಲ್ಲಿ ವಿಷ ಇದೆ. ಹೆಚ್ಚಿ ನೀರಿನಲ್ಲಿ ಹಾಕಿ, ದಿನಾ ನೀರು ಬದಲಿಸಿ, ಎರಡು ಮೂರು ದಿನ ಬಿಟ್ಟು ಬೇಯಿಸಬೇಕು ಅಂತ ಮೊದಲು ಕಂಡುಕೊಂಡವರು ಯಾರೋ ಗೊತ್ತಿಲ್ಲ. ಆ ತಿಳಿವಳಿಕೆ ಯಾವ ಶಾಸನದಲ್ಲೂ ಬರೆದಿಟ್ಟದ್ದಲ್ಲ, ಅತ್ತೆಯಿಂದ ಸೊಸೆಗೆ ಬಂದದ್ದು. ಇನ್ನು ಅಪ್ಪೆಮಿಡಿ, ಉಪ್ಪಿನಕಾಯಿಗೆ ಹಾಕುವ ಪರಿಮಳದ ಎಳೆ ಮಾವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಗಿ ಶರಾವತಿ ದಂಡೆಯ ಎಷ್ಟೋ ಅಪ್ಪೆ ಮರಗಳು ನೀರಿನಡಿ ಹೋದವು. ಮುಳುಗಡೆಯಿಂದ ಎದ್ದು ಬಂದ ಮನೆಯ ಒಬ್ಬ ಅಜ್ಜಿ, ಈಗ ಇಲ್ಲ ಅವರು, ಉಪ್ಪಿನಕಾಯಿ ಮಿಡಿ ಕಚ್ಚಿ ನನಗೆ ಹೇಳಿದ್ದರು: "ಜೀರಿಗೆ ವಾಸನೆ ಇದೆ, ಆದ್ರೆ ನಮ್ಮ ಹೊಳೆ ಬದಿ ಮರದ್ದು ಇದಕ್ಕಿಂತ ಘಾಟು." ಮುಳುಗಿದ ಊರಿನ ಒಂದು ಮರ ಅವರ ನಾಲಿಗೆಯಲ್ಲಿ ಹಾಗೇ ಇತ್ತು. ಅದನ್ನು ಹೊಟ್ಟೆಪಾಡು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ನಂಬಿಕೆಯ ವಿಷಯದಲ್ಲಿ ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ನಿಮ್ಮ ತಾಲ್ಲೂಕಿನದೇ ಚಂದ್ರಗುತ್ತಿಯಲ್ಲಿ, ಹರಕೆ ಹೊತ್ತವರು ಮೈಮೇಲೆ ಬಟ್ಟೆ ಇಲ್ಲದೆ ದೇವಿಯ ಗುಡಿಗೆ ಹೋಗುವ ಬೆತ್ತಲೆ ಸೇವೆ ನಡೆಯುತ್ತಿತ್ತು. 1986ರಲ್ಲಿ ಅದನ್ನು ತಡೆಯಲು ಹೋದಾಗ ಆದ ಗಲಾಟೆಯ ನಂತರ ಸರ್ಕಾರ ನಿಷೇಧಿಸಿತು. ಅದು ನಿಲ್ಲಲೇಬೇಕಿತ್ತು. ಹಳೆಯದು ಅಂದ ಮಾತ್ರಕ್ಕೆ ಯಾವುದನ್ನೂ ನಾವು ಹೊತ್ತು ಮೆರೆಸುವುದಿಲ್ಲ. ಆದರೆ ಹೆಣ್ಣಿನ ಮಾನ ಕಳೆಯುವ ಹರಕೆಯನ್ನೂ, ಇಲಿಗೆ ಒಂದು ತುತ್ತು ಎತ್ತಿಡುವ ಎಡೆಯನ್ನೂ ಒಂದೇ ಹೆಸರಿನಿಂದ ಕರೆದು ಒಟ್ಟಿಗೆ ಎಸೆಯಬೇಡಿ. ಚೀಲದ ಮಾತು ಇಲ್ಲಿ ನಿಮಗೂ ಅನ್ವಯಿಸುತ್ತದೆ.

ಕೊನೆಗೆ ನಿಮ್ಮ ಸಹಿಯ ಕೆಳಗಿನ ಸಾಲು. ನನಗೆ ಇಡೀ ಪತ್ರದಲ್ಲಿ ಜಾಸ್ತಿ ತಾಗಿದ್ದು ಅದೇ. ಮುಂದಿನ ಸಲ ಊರಿಗೆ ಹೋದಾಗ ಬುಟ್ಟಿ ಕೆಳಗಿಳಿಸಿ. ಹಳೆಯ ಬಣ್ಣ ಉದುರಿದ್ದರೆ ಬೇಜಾರು ಮಾಡಬೇಡಿ, ಅಜ್ಜಿಯೂ ಪ್ರತಿ ವರ್ಷ ಅದನ್ನು ಮುಚ್ಚಿ ಹೊಸದಾಗಿಯೇ ಬರೆಯುತ್ತಿದ್ದರು. ಬಿದಿರು ಗಟ್ಟಿ ಇದೆಯಾ ಅಂತ ಮಾತ್ರ ನೋಡಿ. ನಾನು ಹೇಳಿದ ಆ ತಾಯಿಗೆ ನಿಮ್ಮ ಪತ್ರ ಓದಿ ಹೇಳಿದೆ. ದಸರಾ ಕಳೆದ ಮೇಲೆ ಬರಲು ಹೇಳಿದ್ದಾರೆ, ಪುಂಡಿ ನಾರು ಅವರ ಹತ್ತಿರ ಇದೆ. ಅಕ್ಕಿ ಮಾತ್ರ ನಿಮ್ಮ ಗದ್ದೆಯದೇ ತರಬೇಕಂತೆ.