ಏಣಿ ಇದ್ದೂ ವಸ್ತುವಿಲ್ಲ ಎನ್ನುವವರಿಗೆ

ಓದುಗರ ಪತ್ರ: ಮಾನ್ಯ ಸಂಪಾದಕರೇ, ಕಾಲೇಜು ಮುಗಿಸಿದ ಹೊಸದರಲ್ಲಿ ನಾಲ್ಕಾರು ಸಣ್ಣಕತೆ ಬರೆದಿದ್ದೆ, ಎರಡು ಅಚ್ಚೂ ಆಗಿದ್ದವು. ನೌಕರಿ, ಸಂಸಾರದ ನಡುವೆ ಬರವಣಿಗೆ ನಿಂತೇಹೋಯಿತು. ಈಗ ಬಿಡುವಿದೆ. ಆದರೆ ಬರೆಯಲು ಕೂತರೆ ಒಂದು ವಸ್ತುವೂ ಹೊಳೆಯುವುದಿಲ್ಲ. ದಿನಕ್ಕೊಂದು ವಿಷಯ ಕೊಟ್ಟು ಬರೆಸುವ ಪುಸ್ತಕ ತಂದುಕೊಂಡೆ, ಅದೂ ಹತ್ತು ಪುಟ ದಾಟಲಿಲ್ಲ. ಗಟ್ಟಿಯಾದ ವಸ್ತುಗಳನ್ನು ಹುಡುಕುವುದು ಹೇಗೆ? ಈ ಪತ್ರವನ್ನು ಕಳೆದ ವಾರವೇ ಹಾಕಬೇಕಿತ್ತು. ಒಂಬತ್ತು ವರ್ಷದ ಹಿಂದೆ ಎರವಲು ಒಯ್ದಿದ್ದ ನಮ್ಮ ಏಣಿಯನ್ನು ಪಕ್ಕದ ಮನೆಯವರು ಮೊನ್ನೆ ಹಸಿರು ಬಣ್ಣ ಬಳಿದು ತಂದಿಟ್ಟು ಹೋದರು. ಆ ಗಡಿಬಿಡಿಯಲ್ಲಿ ತಡವಾಯಿತು, ಕ್ಷಮಿಸಿ.

ಸಂಪಾದಕರ ಉತ್ತರ:

ಕ್ಷಮಿಸುವುದಿಲ್ಲ. ತಡವಾಗಿದ್ದಕ್ಕಲ್ಲ, ಅಂಥ ಏಣಿಯೊಂದನ್ನು ಪತ್ರದ ಬಾಲಕ್ಕೆ ಕಟ್ಟಿ, ಮೇಲೆ ವಸ್ತುವಿಲ್ಲವೆಂದು ದೂರಿದ್ದಕ್ಕೆ.

ಬೇರೆಯವರ ಏಣಿಗೆ ಯಾರಾದರೂ ಬಣ್ಣ ಬಳಿಯುತ್ತಾರೆಯೇ? ಬಳಿದರೆಂದರೆ ಅದು ತಮ್ಮದೇ ಎಂದು ಒಮ್ಮೆ ಅಂದುಕೊಂಡಿರಬೇಕು. ಹಾಗಾದರೆ ಮರಳಿ ತಂದದ್ದೇಕೆ? ನೀವು ಒಂಬತ್ತು ವರ್ಷ ಕೇಳಲಿಲ್ಲವೋ, ಕೇಳಿ ಬಾಯಿ ನೋಯಿಸಿಕೊಂಡು ಬಿಟ್ಟಿರೋ? ಆ ಬಣ್ಣ ಹಳೆಯದೋ ಹೊಸದೋ ಎಂಬುದೊಂದನ್ನೇ ಯೋಚಿಸಿ. ಕೈಗೆ ಅಂಟುವಷ್ಟು ಹಸಿಯಾಗಿದ್ದರೆ ಅದು ಬಾಯಲ್ಲಿ ಹೇಳಲಾಗದ ಕ್ಷಮೆ. ಮೆಟ್ಟಿಲುಗಳ ನಡುಭಾಗದಲ್ಲಿ, ಪಾದ ಊರುವ ಕಡೆಯೆಲ್ಲ ಬಣ್ಣ ಸವೆದು ಮರ ಕಾಣುತ್ತಿದ್ದರೆ, ಅದು ಇನ್ನೊಬ್ಬರ ವಸ್ತುವನ್ನು ಆರಾಮಾಗಿ ಮರೆತು ಬದುಕಿದ ಮನೆಯ ಕತೆ. ಇನ್ನು ನಿಮ್ಮ ಮನೆಯಲ್ಲಿ ಅದನ್ನು ಒರಗಿಸಿಡುತ್ತಿದ್ದ ಜಾಗದಲ್ಲಿ ಈಗ ಬೇರೇನೋ ಬಂದು ಕೂತಿರುತ್ತದೆ. ಏಣಿ ಎಲ್ಲಿ ನಿಲ್ಲಬೇಕು ಎಂದು ಗಂಡ ಹೆಂಡತಿ ವಾದಕ್ಕಿಳಿದರೆ ಆ ವಾದ ಏಣಿಯ ಬಗ್ಗೆಯೇ ಇರುತ್ತದೆಂದು ನನಗೇನೂ ಅನ್ನಿಸುವುದಿಲ್ಲ.

ಒಂದು ಮಾತು: ದಯವಿಟ್ಟು ಹೋಗಿ ಪಕ್ಕದ ಮನೆಯವರನ್ನು ಕೇಳಬೇಡಿ. 1893ರ ಕ್ರಿಸ್‌ಮಸ್ ಹೊತ್ತಿನ ಒಂದು ರಾತ್ರಿ ಕಾದಂಬರಿಕಾರ ಹೆನ್ರಿ ಜೇಮ್ಸ್ ಊಟಕ್ಕೆ ಕೂತಿದ್ದಾಗ ಪಕ್ಕದಲ್ಲಿದ್ದ ಮಹಿಳೆ ಒಂದು ಸುದ್ದಿ ಹೇಳಿದಳು. ಗಂಡ ತೀರಿಕೊಂಡು ಮನೆ ಮಗನ ಪಾಲಾಗಿತ್ತು, ಅದರೊಳಗಿನ ಬೆಲೆಬಾಳುವ ಪೀಠೋಪಕರಣಗಳಿಗಾಗಿ ತಾಯಿಯೂ ಒಬ್ಬನೇ ಮಗನೂ ಹಗೆ ಸಾಧಿಸುತ್ತಿದ್ದರು. ಹತ್ತೇ ಮಾತು, ಕತೆ ಅಲ್ಲೇ ಸಿಕ್ಕಿಬಿಟ್ಟಿತ್ತು ಎಂದು ಜೇಮ್ಸ್ ಮುಂದೆ ತನ್ನ ಮುನ್ನುಡಿಯಲ್ಲಿ ಬರೆದ. ಆಕೆಯೋ ಉತ್ಸಾಹದಿಂದ ಮಿಕ್ಕದ್ದನ್ನೂ ಹೇಳತೊಡಗಿದಳು. ಅದು ಅವನಿಗೆ ಬೇಕಿರಲಿಲ್ಲ. ನಿಜವಾಗಿ ನಡೆದ ಜಗಳದ ಪೂರ್ತಿ ವಿವರ ಕಿವಿಗೆ ಬಿದ್ದರೆ ಕಲ್ಪನೆಗೆ ಕೆಲಸವೇ ಉಳಿಯುವುದಿಲ್ಲ. (ಸಣ್ಣಕತೆಯೆಂದು ಅವನು ಕೈಹಾಕಿದ್ದು ಉಬ್ಬಿ ಕಾದಂಬರಿಯಾಗಿ 1897ರಲ್ಲಿ ಪುಸ್ತಕವಾಯಿತು. ಅದು ಅವನ ಚಾಳಿ, ನೀವು ಅನುಕರಿಸಬೇಕಾಗಿಲ್ಲ.)

ದಿನಕ್ಕೊಂದು ವಿಷಯ ಕೊಡುವ ಪುಸ್ತಕಗಳನ್ನು ನಾನು ಹಳಿಯುವುದಿಲ್ಲ. ಕೈ ಜಡವಾದವರಿಗೆ ಅವು ಒಂದಿಷ್ಟು ಚಲನೆ ಕೊಡುತ್ತವೆ, ಕೆಲವರಿಗೆ ಕತೆಯನ್ನೂ ಕೊಟ್ಟಿರಬಹುದು. ಆದರೆ ಹತ್ತು ಪುಟಕ್ಕೆ ನಿಮಗೆ ಬೇಸರ ಬಂದದ್ದು ನಿಮ್ಮ ಆರೋಗ್ಯದ ಲಕ್ಷಣ. 'ಮಳೆಯಲ್ಲಿ ಸಿಕ್ಕ ಅಪರಿಚಿತ' ಎಂದು ಇನ್ನೊಬ್ಬರು ಹೇಳಿಕೊಟ್ಟರೆ ಆ ಅಪರಿಚಿತ ನಿಮ್ಮನ್ನು ಕಾಡಬೇಕಾದ ಕಾರಣವೇನು? ಈಗಂತೂ ಕೇಳಿದ ಕೂಡಲೇ ಯಂತ್ರವೇ ನೂರು ವಸ್ತುಗಳನ್ನು ಉದುರಿಸುತ್ತದೆ. ವಸ್ತು ಇಷ್ಟು ಅಗ್ಗವಾದ ಮೇಲೂ ಒಳ್ಳೆಯ ಕತೆ ದುಬಾರಿಯಾಗಿಯೇ ಉಳಿದಿದೆ. ಕೊರತೆ ಇದ್ದದ್ದು ವಸ್ತುವಿಗಲ್ಲ.

ನಿಮ್ಮ ತೊಂದರೆ ಬೇರೆ ಇರಬಹುದು. 1886ರಲ್ಲಿ ರಷ್ಯದ ಹಿರಿಯ ಲೇಖಕ ಗ್ರಿಗೊರೊವಿಚ್, ಆಗಿನ್ನೂ 26ರ ಹರೆಯದ ವೈದ್ಯ ಚೆಕಾಫ್‌ಗೆ ಕಾಗದ ಬರೆದ: ನಿನ್ನಲ್ಲಿ ಪ್ರತಿಭೆಯಿದೆ, ಅವಸರದ ಬರವಣಿಗೆ ಬಿಡು ಎಂದು. ಚೆಕಾಫ್ ನಗೆಪತ್ರಿಕೆಗಳಿಗೆ ಗಡುವಿನ ಮೇಲೆ ಗಡುವು ಹಾಕಿಕೊಂಡು ಬರೆಯುತ್ತಿದ್ದ ಕಾಲ ಅದು. ಒಂದು ಹಗಲು ರಾತ್ರಿಗಿಂತ ಹೆಚ್ಚು ಹೊತ್ತು ದುಡಿದ ಕತೆ ಒಂದೂ ನೆನಪಿಲ್ಲ, ನೀವು ಮೆಚ್ಚಿದ ಕತೆಯನ್ನು ಸ್ನಾನದ ಗುಡಿಸಲಲ್ಲಿ ಬರೆದೆ ಎಂದು ಅವನು ಉತ್ತರಿಸಿದ. ಆ ಉತ್ತರದಲ್ಲಿ ಇನ್ನೊಂದು ಮಾತಿದೆ, ಅದನ್ನು ಎತ್ತಿ ಹೇಳುವವರು ಕಡಿಮೆ. ತನಗೆ ಪ್ರಿಯವಾದ ಚಿತ್ರಗಳನ್ನು ಆ ಕತೆಗಳಿಗೆ ವೆಚ್ಚ ಮಾಡದೆ, ಏಕೆಂದು ತನಗೇ ತಿಳಿಯದೆ, ಜೋಪಾನವಾಗಿ ಬಚ್ಚಿಟ್ಟುಕೊಂಡಿದ್ದೇನೆ ಎನ್ನುತ್ತಾನೆ. ಬಹುಕಾಲ ಬರವಣಿಗೆ ಬಿಟ್ಟವರ ಹತ್ತಿರವೂ ಇಂಥ ಗಂಟಿರುತ್ತದೆ. ಒಳ್ಳೆಯ ಕತೆಗೆಂದು ಎತ್ತಿಟ್ಟದ್ದು ಎತ್ತಿಟ್ಟಲ್ಲೇ ಇರುತ್ತದೆ, ಸಣ್ಣಪುಟ್ಟದ್ದು ತಮ್ಮ ಯೋಗ್ಯತೆಗೆ ಕಡಿಮೆಯೆನ್ನಿಸುತ್ತದೆ. ಕೊನೆಗೆ ಬರೆಯಲು ಏನೂ ಇಲ್ಲ ಎಂಬ ಪತ್ರ ನನಗೆ ಬರುತ್ತದೆ.

ಈ 'ಗಟ್ಟಿಯಾದ ವಸ್ತು' ಎಂಬ ಪೀಡೆ ನಿಮ್ಮೊಬ್ಬರದಲ್ಲ. ನನ್ನ ಮೇಜಿಗೆ ಬರುವ ಕತೆಗಳ ಜೊತೆಗೆ ಈಗ ಒಂದು ಪ್ರತ್ಯೇಕ ಹಾಳೆ ಬರುತ್ತದೆ: 'ಈ ಕತೆ ಆಧುನಿಕ ಬದುಕಿನ ಒಂಟಿತನವನ್ನು ಶೋಧಿಸುತ್ತದೆ'. ಕತೆ ತೆರೆದರೆ ಅಲ್ಲಿ ಒಂಟಿತನವಿರುತ್ತದೆ, ಒಂಟಿಯಾದ ಮನುಷ್ಯ ಇರುವುದಿಲ್ಲ. ಆತ ಯಾವ ಕುರ್ಚಿಯಲ್ಲಿ ಕೂರುತ್ತಾನೆ, ಫೋನ್ ಬಂದರೆ ತಕ್ಷಣ ಎತ್ತುತ್ತಾನೋ ಎರಡು ರಿಂಗ್ ಕಾಯುತ್ತಾನೋ, ಕತೆಗಾರನಿಗೇ ಗೊತ್ತಿಲ್ಲ. ತಪ್ಪು ಕತೆಗಾರನದು ಎಂದು ಬೈದುಬಿಡುವುದು ಸುಲಭ. ಶಾಲೆಯಲ್ಲಿ ಪ್ರತಿ ಪಾಠದ ಕೊನೆಗೆ 'ಈ ಕತೆಯ ನೀತಿಯೇನು?' ಎಂದು ಐದು ಅಂಕಕ್ಕೆ ಕೇಳಿ ಬೆಳೆಸಿದವರು ಯಾರು? ಕಥಾಸ್ಪರ್ಧೆಗಳ ತೀರ್ಪುಗಾರರೂ ಟಿಪ್ಪಣಿಯಲ್ಲಿ ಮೊದಲು ಹುಡುಕುವುದು 'ಪ್ರಸ್ತುತತೆ'ಯನ್ನೇ. ವಿಮರ್ಶೆ ಬರೆಯುವವರಿಗೆ ಆಶಯ ಸಿಕ್ಕಿದರೆ ಸಾಕು, ಮಿಕ್ಕದ್ದನ್ನು ಓದುವ ಶ್ರಮ ಉಳಿಯಿತು. ಇಂಥ ವಾತಾವರಣದಲ್ಲಿ ಏಣಿಯೊಂದು ಕತೆಯಾಗಬಹುದೆಂದು ನಿಮಗೆ ಹೊಳೆಯದಿದ್ದರೆ ಆಶ್ಚರ್ಯವೇನು!

ಸರಿ, ಕೆಲಸದ ಮಾತಿಗೆ ಬರೋಣ. ಅಂತ್ಯ ಗೊತ್ತಿಲ್ಲದೆಯೇ ಶುರುಮಾಡಿ. ಗೇಟಿನ ಸದ್ದಾಗಿ ಒಬ್ಬರು ಏಣಿ ಹೊತ್ತು ಒಳಗೆ ಬರುವುದರಿಂದ ತೊಡಗಿ, ಅವರು ಹೊರಗೆ ಹೋಗುವವರೆಗೆ ಮಾತ್ರ ಬರೆಯಿರಿ. ಒಂಬತ್ತು ವರ್ಷದ ಹಿನ್ನೆಲೆಯನ್ನು ಮೊದಲ ಪುಟದಲ್ಲೇ ಸುರಿಯಬೇಡಿ. ಯಾರು ಮೊದಲು ಮಾತಾಡಿದರು, ಯಾರು ಏಣಿಯ ಕಡೆ ನೋಡದೆಯೇ ಮಾತಾಡಿದರು ಎಂಬುದರಲ್ಲಿ ಅದು ತಾನಾಗಿ ಒಸರುತ್ತದೆ. ವಾಕ್ಯಗಳು ಮೊದಮೊದಲು ಸೆಟೆದುಕೊಂಡಿರುತ್ತವೆ, ಇಷ್ಟು ವರ್ಷದ ಮೇಲೆ ಅದು ಸಹಜ. ತಿದ್ದಲು ಹೋಗದೆ ಕೊನೆಯವರೆಗೆ ಬರೆದು ಮುಗಿಸಿ, ಆಮೇಲೆ ತಿದ್ದಿ. ಎರಡು ಕತೆ ಅಚ್ಚಾದವರಿಗೆ ಇದನ್ನೆಲ್ಲ ಹೇಳಬೇಕಾಗಿರಲಿಲ್ಲ. ಹಳೆಯ ಕತೆಗಳನ್ನು ಮಾತ್ರ ಈಗ ತೆಗೆದು ಓದಬೇಡಿ. ಅವು ಚೆನ್ನಾಗಿದ್ದರೂ ಕಷ್ಟ, ಕೆಟ್ಟದಾಗಿದ್ದರೂ ಕಷ್ಟ.

ಬರೆದಾದ ಮೇಲೆ ನಮಗೇ ಕಳುಹಿಸಿ, ಎರಡು ಸಾವಿರ ಪದಗಳ ಒಳಗಿರಲಿ. ಆಶಯದ ಹಾಳೆ ಲಗತ್ತಿಸಿದರೆ ಮಾತ್ರ ತೆರೆಯದೆ ವಾಪಸು ಕಳುಹಿಸುತ್ತೇನೆ.

— ಸಂಪಾದಕ