ಅದೇ ವಿಡಿಯೊ, ಅದೇ 18 ಸೆಕೆಂಡ್

ಆಟಿಸಂ ಇರುವ ಮಕ್ಕಳ ಮನೆಗಳಿಂದ ಬರುವ ಪತ್ರಗಳಲ್ಲಿ ಊರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ: ಒಂದನ್ನೇ ಮತ್ತೆ ಮತ್ತೆ ಮಾಡುವ ಮಗುವನ್ನು ಬಿಡಿಸುವುದು ಹೇಗೆ? ಅದಕ್ಕೆ ಈ ಸಲ ಒಂದೇ ಪತ್ರವನ್ನು ಪೂರ್ತಿಯಾಗಿ ಎತ್ತಿಕೊಂಡು, ಉಳಿದವನ್ನು ಚುಟುಕಾಗಿ ಮುಗಿಸುತ್ತೇನೆ. ಆಟಿಸಂ ಎಂದರೇನು ಎಂಬಲ್ಲಿಂದ ಶುರು ಮಾಡುವುದಿಲ್ಲ.

ಮಗನಿಗೆ 5 ವರ್ಷ, ಆಟಿಸಂ ಇದೆ. ಮೆಟ್ರೊ ರೈಲಿನ ವಿಡಿಯೊದಲ್ಲಿ ಬಾಗಿಲು ಮುಚ್ಚಿಕೊಳ್ಳುವ 18 ಸೆಕೆಂಡನ್ನಷ್ಟೇ ಹಿಂದಕ್ಕೆ ಎಳೆದೆಳೆದು ನೋಡುತ್ತಾನೆ. ಮೊಬೈಲ್ ಕಿತ್ತುಕೊಂಡರೆ ನೆಲಕ್ಕೆ ತಲೆ ಚಚ್ಚಿಕೊಳ್ಳುತ್ತಾನೆ. ಅತ್ತೆ ‘ಕೊಟ್ಟುಬಿಡು, ಸುಮ್ಮನಿರ್ತಾನೆ’ ಅಂತಾರೆ. ಥೆರಪಿಯವರು ‘ಪೂರ್ತಿ ನಿಲ್ಲಿಸಿ’ ಅಂತಾರೆ. ನಾನೇನು ಮಾಡಲಿ? – ಒಬ್ಬ ತಾಯಿ, ತುಮಕೂರು

ಇಬ್ಬರ ಮಾತನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದ ಪದ ‘ಕಿತ್ತುಕೊಂಡರೆ’. ಜಗಳದ ಬೇರು ಅಲ್ಲಿದೆ. ಬಾಗಿಲು ಅರ್ಧ ಮುಚ್ಚಿರುವಾಗ ವಿಡಿಯೊ ನಿಂತರೆ, ಆ ಮಗುವಿನ ಮಟ್ಟಿಗೆ ಕೆಲಸ ಅರ್ಧಕ್ಕೇ ನಿಂತ ಹಾಗೆ. ಮುಂದೇನು ಬರುತ್ತದೆಂದು ಮೊದಲೇ ಗೊತ್ತಿರುವುದೇ ಆ ತುಣುಕಿನ ಸುಖ. ಮನೆಯಲ್ಲಿ, ಶಾಲೆಯಲ್ಲಿ, ಬೀದಿಯಲ್ಲಿ ಯಾವುದೂ ಅವನು ಎಣಿಸಿದಂತೆ ನಡೆಯುವುದಿಲ್ಲ. ಈ ಬಾಗಿಲು ಮಾತ್ರ ಪ್ರತಿ ಸಲ ಅದೇ ಸದ್ದಿನ ನಂತರ, ಅದೇ ವೇಗದಲ್ಲಿ ಮುಚ್ಚುತ್ತದೆ.

ಮೊದಲ ಒಂದು ವಾರ ಏನನ್ನೂ ಬದಲಿಸಬೇಡಿ, ಬರೆದಿಡಿ. ಎಲ್ಲಿಂದ ಎಲ್ಲಿಯವರೆಗೆ ನೋಡುತ್ತಾನೆ, ಯಾವ ಹೊತ್ತಿನಲ್ಲಿ, ಅದಕ್ಕೂ ಮುಂಚೆ ಏನು ನಡೆದಿತ್ತು. ಬೇಕಿರುವುದು ಸದ್ದೋ ಚಲನೆಯೋ? ಒಮ್ಮೆ ಧ್ವನಿ ತೀರಾ ಕಡಿಮೆ ಮಾಡಿ ನೋಡಿ. ತಕ್ಷಣ ಏರಿಸಿಕೊಂಡರೆ ಸದ್ದು. ಪರದೆಗೆ ಮೂಗು ತಾಗಿಸಿ ಕಣ್ಣಂಚಿನಿಂದ ನೋಡುತ್ತಿದ್ದರೆ ಚಲನೆ. ನೋಡುವಾಗ ನಗುತ್ತಾ ಕುಣಿಯುತ್ತಾನೋ, ಮುಖ ಬಿಗಿದುಕೊಂಡು ನೋಡುತ್ತಾನೋ ಅದನ್ನೂ ಬರೆಯಿರಿ. ಮೊದಲನೆಯದು ಖುಷಿ. ಎರಡನೆಯದು ಹೆಚ್ಚಾಗಿ ತಳಮಳ. ಶಾಲೆ ಬಿಟ್ಟು ಬಂದ ಮೊದಲ ಗಂಟೆಯಲ್ಲಿ ಅದೇ ಜಾಸ್ತಿ ಕಂಡರೆ ಮೊಬೈಲಿನ ಜೊತೆ ಶಾಲೆಯ ಕಡೆಗೂ ನೋಡಬೇಕು.

ಎರಡನೇ ವಾರ ಯಂತ್ರವನ್ನು ಪಳಗಿಸಿ. ಒಂದು ಮುಗಿದ ಕೂಡಲೇ ಇನ್ನೊಂದು ವಿಡಿಯೊ ತಾನೇ ಶುರುವಾಗುವ ಆಟೊಪ್ಲೇ ಬಂದ್ ಮಾಡಿ. ಬಾಗಿಲಿನ ಭಾಗವನ್ನಷ್ಟೇ ಬೇರೆ ಕ್ಲಿಪ್ ಆಗಿ ಕತ್ತರಿಸಿಕೊಂಡು ಹಳೇ ಫೋನಿಗೋ ಟ್ಯಾಬಿಗೋ ಹಾಕಿ, ಇಂಟರ್‌ನೆಟ್ ತೆಗೆಯಿರಿ. ನಿಮ್ಮ ಸ್ವಂತ ಫೋನ್ ಬೇಡ. ನಡುವೆ ಕರೆ ಬಂದು ವಿಡಿಯೊ ನಿಂತರೆ ಆ ರಂಪಕ್ಕೆ ಮಗು ಹೊಣೆಯಲ್ಲ.

ಈಗ ನಿಲ್ಲಿಸುವ ಕ್ರಮ. ‘ಇನ್ನು ಐದೇ ನಿಮಿಷ’ ಎನ್ನಬೇಡಿ, ಅವನಿಗೆ ನಿಮಿಷ ಕಾಣುವುದಿಲ್ಲ. ಸಲ ಎಣಿಸಿ. ಒಂದು ದಾರಕ್ಕೆ ಬಟ್ಟೆ ಕ್ಲಿಪ್‌ಗಳನ್ನು ಸಿಕ್ಕಿಸಿ. ವಿಡಿಯೊ ಒಮ್ಮೆ ಮುಗಿದರೆ ಒಂದು ಕ್ಲಿಪ್ ಅವನೇ ತೆಗೆದು ಡಬ್ಬಿಗೆ ಹಾಕಲಿ. ಒಮ್ಮೆ ಕೂತರೆ 20 ಸಲ ನೋಡುತ್ತಾನೆ ಎಂದುಕೊಳ್ಳಿ. ಆಗ 20ರಿಂದಲೇ ಶುರು ಮಾಡಿ, ಗಲಾಟೆಯಿಲ್ಲದೆ ಮೂರು ದಿನ ನಡೆದ ಮೇಲೆ ಒಂದೋ ಎರಡೋ ಕಡಿಮೆ ಮಾಡಿ. ಮೊದಲ ದಿನವೇ 5ಕ್ಕೆ ಇಳಿಸುವವರೇ ‘ನಮ್ಮ ಮಗುವಿಗೆ ಇದೆಲ್ಲ ನಡೆಯಲ್ಲ’ ಎಂದು ಪತ್ರ ಬರೆಯುವುದು. ಕೊನೆಯ ಕ್ಲಿಪ್ ಉಳಿದಾಗ ಒಂದೇ ವಾಕ್ಯ: ‘ಇನ್ನೊಂದು ಸಲ, ಆಮೇಲೆ ಉಯ್ಯಾಲೆ.’ ಬಾಗಿಲು ಪೂರ್ತಿ ಮುಚ್ಚಲಿ. ಫೋನನ್ನು ಪೆಟ್ಟಿಗೆಗೆ ಇಡುವುದು ಅವನ ಕೈ, ನಿಮ್ಮದಲ್ಲ.

‘ಆಮೇಲೆ’ ಎಂದ ಜಾಗದಲ್ಲಿ ಅವನಿಗಿಷ್ಟವಾದದ್ದೇ ಬರಬೇಕು. ವಿಡಿಯೊ ಮುಗಿದ ಕೂಡಲೇ ಸ್ನಾನ, ಅಕ್ಷರ ತಿದ್ದುವುದು ಎಂದಿಟ್ಟರೆ ಯಾವ ಮಗು ಬಿಟ್ಟು ಬರುತ್ತದೆ?

ಮೊದಲ ಕೆಲವು ದಿನ ಅಳು ಹೆಚ್ಚುವುದುಂಟು, ಅದನ್ನು ಎದುರು ನೋಡಿಯೇ ಇರಿ. ತಲೆ ಚಚ್ಚಿಕೊಂಡರೆ ಅಡ್ಡಕ್ಕೆ ದಿಂಬು ಒಡ್ಡಿ, ಮಾತು ನಿಲ್ಲಿಸಿ, ಪಕ್ಕದಲ್ಲಿ ಕೂತಿರಿ. ಪೆಟ್ಟಾಗುತ್ತಿದ್ದರೆ ವೈದ್ಯರಿಗೆ ತೋರಿಸಿ; ಅದನ್ನು ಮನೆಯಲ್ಲೇ ಸರಿ ಮಾಡುತ್ತೇನೆಂದು ಕೂರಬೇಡಿ. ಆದರೆ ಇಪ್ಪತ್ತು ನಿಮಿಷ ಅತ್ತ ಮೇಲೆ ಯಾರೋ ಮರುಕದಿಂದ ಫೋನ್ ಕೊಟ್ಟರೆ, ಇಪ್ಪತ್ತು ನಿಮಿಷ ಅತ್ತರೆ ಸಿಗುತ್ತದೆ ಎಂಬ ಪಾಠವನ್ನು ಮಗು ಅಚ್ಚುಕಟ್ಟಾಗಿ ಕಲಿಯುತ್ತದೆ. ಅತ್ತೆಯವರನ್ನು ಈ ಲೆಕ್ಕದೊಳಗೆ ಸೇರಿಸಿಕೊಳ್ಳಿ, ಬಟ್ಟೆ ಕ್ಲಿಪ್ಪಿನ ಡಬ್ಬಿ ಅವರ ಕೈಯಲ್ಲೇ ಇರಲಿ. ಹೊರಗಿಟ್ಟರೆ ಅಡುಗೆಮನೆಯಲ್ಲಿ ಕದ್ದು ಕೊಡುತ್ತಾರೆ. ಊಟದ ತಟ್ಟೆ ಎದುರು ಮಾತ್ರ ಫೋನ್ ಬೇಡವೇ ಬೇಡ. ಹೊಟ್ಟೆ ತುಂಬಿದ್ದೂ ಮಗುವಿಗೆ ತಿಳಿಯುವುದಿಲ್ಲ.

ಹೆಚ್ಚಿನವರು ಇಷ್ಟಕ್ಕೇ ನಿಲ್ಲುತ್ತಾರೆ. ನಿಜವಾದ ಕೆಲಸ ಆ 18 ಸೆಕೆಂಡಿನ ಒಳಗೆ ನೀವು ಹೋಗುವುದು. ಅವನ ಪಕ್ಕ ಕೂರಿ. ‘ಇದೇನು? ಯಾವ ಬಣ್ಣ?’ ಎಂಬ ಪರೀಕ್ಷೆ ಬೇಡ. ಬಾಗಿಲು ಮುಚ್ಚುವಾಗ ‘ಮುಚ್ತು!’ ಎನ್ನಿ, ಸಾಕು. ನೀವು ಪಕ್ಕದಲ್ಲಿರುವುದು ಅವನಿಗೆ ಒಗ್ಗಿದ ಮೇಲೆ, ಬಾಗಿಲು ಮುಚ್ಚುವ ಮುನ್ನ ವಿಡಿಯೊ ತಡೆದು ನಾಲ್ಕೈದು ಸೆಕೆಂಡ್ ಸುಮ್ಮನೆ ಕಾಯಿರಿ. ಅವನು ನಿಮ್ಮನ್ನು ನೋಡಿದರೂ, ಕೈ ಎಳೆದರೂ, ‘ಮ್’ ಎಂದರೂ ಅದು ಕೇಳಿಕೆಯೇ, ಕೂಡಲೇ ಬಿಡಿ. ಒಂದು ಹೊತ್ತಿಗೆ ಎರಡು ಮೂರು ಸಲಕ್ಕಿಂತ ಹೆಚ್ಚು ಹೀಗೆ ತಡೆಯಬೇಡಿ. ತಡೆದಾಗ ಕೆರಳಿದರೆ ಇನ್ನೆರಡು ವಾರ ಬಿಟ್ಟು ನೋಡಿ.

ಆಮೇಲೆ ಪರದೆಯಿಂದ ನೆಲಕ್ಕೆ ಇಳಿಸಿ. ಚಪ್ಪಲಿ ಡಬ್ಬಿಯ ರಟ್ಟಿನಲ್ಲಿ ಎರಡು ತುಂಡು ಕತ್ತರಿಸಿದರೆ ಜಾರುವ ಬಾಗಿಲಾಯಿತು. ಸದ್ದು ನಿಮ್ಮ ಬಾಯಲ್ಲಿ ಬರಲಿ. ‘ಮುಂದಿನ ನಿಲ್ದಾಣ ಅಡುಗೆಮನೆ’ ಎಂದು ಬಾಗಿಲು ತೆರೆಯಿರಿ. ಅವನು ಯಾವತ್ತಾದರೂ ಚಪ್ಪಲಿ ಹಾಕಿಕೊಳ್ಳುತ್ತಾ ‘ಮುಂದಿನ ನಿಲ್ದಾಣ’ ಎಂದರೆ ಗಿಳಿಪಾಠ ಎಂದು ತಳ್ಳಿಹಾಕಬೇಡಿ. ‘ಹೊರಗೆ ಹೋಗೋಣ’ ಎನ್ನುತ್ತಿರಬಹುದು. ‘ಹೊರಗೆ ಹೋಗೋಣ’ ಎಂದು ನೀವು ಹೇಳಿ, ಬಾಗಿಲು ತೆಗೆಯಿರಿ.

ಯಾವಾಗ ತಡಮಾಡಬಾರದು? ಒಂದನ್ನೇ ಮತ್ತೆ ಮತ್ತೆ ಮಾಡುವುದು ಏಕಾಏಕಿ ಹೆಚ್ಚಿದರೆ ಕಿವಿ, ಹಲ್ಲು, ಮಲಬದ್ಧತೆ, ನಿದ್ದೆ ಇವನ್ನು ನೋಡಿಸಿ; ಮಾತಿಲ್ಲದ ಮಗು ನೋವನ್ನು ಹೀಗೂ ತೋರಿಸುತ್ತದೆ. ವಿಡಿಯೊ ಇಲ್ಲದಾಗಲೂ ನೆಟ್ಟ ನೋಟದಲ್ಲಿ ನಿಂತುಬಿಟ್ಟು, ಮೈ ಮುಟ್ಟಿದರೂ ಎಚ್ಚರಾಗದಿದ್ದರೆ, ರೆಪ್ಪೆ ಪಟಪಟ ಬಡಿದರೆ, ಅದನ್ನು ರೆಕಾರ್ಡ್ ಮಾಡಿಕೊಂಡು ಮಕ್ಕಳ ನರರೋಗ ತಜ್ಞರಲ್ಲಿಗೆ ಹೋಗಿ. ಮೂರ್ಛೆರೋಗದ ಒಂದು ಬಗೆ ಹಾಗಿರುತ್ತದೆ. ಬರುತ್ತಿದ್ದ ಮಾತು ನಿಂತರೂ ಅಷ್ಟೇ.

ಮೊಬೈಲ್ ನೋಡಿಯೇ ಆಟಿಸಂ ಬಂತಂತೆ, ‘ವರ್ಚುವಲ್ ಆಟಿಸಂ’ ಅಂತೆ?

ಆ ಹೆಸರಿನ ರೋಗನಿರ್ಣಯ ವೈದ್ಯಕೀಯದಲ್ಲಿಲ್ಲ. ಎಲ್ಲವೂ ಇದ್ದ ಹಾಗೇ ಇರಬೇಕೆಂಬ ಈ ಹಟವನ್ನು ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ 1943ರಲ್ಲೇ ದಾಖಲಿಸಿದ್ದಾರೆ, ಟಿವಿಯೇ ಅಪರೂಪವಾಗಿದ್ದ ಕಾಲದಲ್ಲಿ. ಎರಡು ವರ್ಷದೊಳಗಿನ ಯಾವ ಮಗುವಿಗೂ ಪರದೆ ಬೇಡ, ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬ ಮಕ್ಕಳ ವೈದ್ಯರ ಸಲಹೆ ಸರಿ; ಅದನ್ನು ಹಿಡಿದು ತಾಯಿಯ ಮೇಲೆ ಗೂಬೆ ಕೂರಿಸುವುದು ತಪ್ಪು.

ಕಾರುಗಳನ್ನು ಸಾಲಾಗಿ ಜೋಡಿಸುತ್ತಾಳೆ, ಚಕ್ರ ತಿರುಗಿಸುತ್ತಾಳೆ. ಬಿಡಿಸುವುದು ಹೇಗೆ?

ಯಾಕೆ ಬಿಡಿಸಬೇಕು? ಸಾಲು ಕೆಡಿಸಬೇಡಿ, ಮುಂದಿನ ಕಾರು ನಿಮ್ಮ ಕೈಯಲ್ಲಿರಲಿ. ಅವಳು ಅದಕ್ಕೆ ಕೈ ಚಾಚಿದ ದಿನ ಆಟ ಇಬ್ಬರದಾಯಿತು.

ಹೀಗೆ ಒಂದನ್ನೇ ಮತ್ತೆ ಮತ್ತೆ ಮಾಡುವುದು ನಿಲ್ಲಲು ಮಾತ್ರೆ ಇದೆಯೇ?

ಇಲ್ಲ. ಸಿಟಲೊಪ್ರಾಮ್ ಎಂಬ ಔಷಧವನ್ನು ಅಮೆರಿಕದಲ್ಲಿ 149 ಮಕ್ಕಳಲ್ಲಿ ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಔಷಧವೇ ಇಲ್ಲದ ಖಾಲಿ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ, ಅಡ್ಡಪರಿಣಾಮ ಮಾತ್ರ ಜಾಸ್ತಿ. ತೀವ್ರ ಸಿಡುಕು, ನಿದ್ರಾಹೀನತೆಗೆ ಔಷಧವಿದೆ, ಅದು ಬೇರೆ ಮಾತು.

ಸ್ಟೆಮ್ ಸೆಲ್ ಹಾಕಿಸಿದರೆ ಗುಣವಾಗುತ್ತದಂತೆ, ಲಕ್ಷಗಟ್ಟಲೆ ಕೇಳುತ್ತಿದ್ದಾರೆ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಇದನ್ನು ಆಟಿಸಂಗೆ ಚಿಕಿತ್ಸೆಯೆಂದು ಒಪ್ಪಿಲ್ಲ. ಎದ್ದು ಬನ್ನಿ. ದೇಹದಿಂದ ‘ಲೋಹ ತೆಗೆಯುವ’ ಕೀಲೇಶನ್ ಎಂದರೆ ಇನ್ನೂ ಬೇಗ ಎದ್ದು ಬನ್ನಿ; 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಐದು ವರ್ಷದ ಬಾಲಕ ಅದರಿಂದಲೇ ಸತ್ತ.

ಎಲ್ಲಿ ತೋರಿಸಬೇಕು?

ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್. ಹತ್ತಿರದ್ದೇ ಬೇಕೆಂದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರ, ಡಿಇಐಸಿ, ಎಲ್ಲಿದೆ ಎಂದು ಕೇಳಿ. ಖಾಸಗಿ ಥೆರಪಿಸ್ಟ್ ಆದರೆ ಮೊದಲು ನೋಂದಣಿ ಕೇಳಿ. ಮಾತಿನ ಥೆರಪಿ, ವಿಶೇಷ ಶಿಕ್ಷಣದವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ಸಂಖ್ಯೆ ಇರುತ್ತದೆ. ಕೇಳಿದ್ದಕ್ಕೆ ಸಿಟ್ಟಾದರೆ ಫೀಸು ಕಟ್ಟಬೇಡಿ.