ಪ್ಯಾಂಟಿನ ಕತೆ ಸಾಕು, ಎತ್ತುಗಳನ್ನು ನೋಡೋಣ

ಓದುಗರ ಪತ್ರ: ಫ್ರಾನ್ಸಿನ ಚಿತ್ರಕಾರ್ತಿ ರೋಸಾ ಬೊನೂರ್ ಬಗ್ಗೆ ಎಲ್ಲಿ ಓದಿದರೂ ಪೊಲೀಸರ ಅನುಮತಿ ಪಡೆದು ಪ್ಯಾಂಟ್ ತೊಟ್ಟ ಕತೆಯೇ ಸಿಗುತ್ತದೆ. ಅವರಿಗೆ ಹೆಸರು ಬಂದದ್ದು ಅದರಿಂದಲೇ? ಬರೀ ದನ, ಕುದುರೆ ಬರೆದವರಿಗೆ ಅಷ್ಟು ದೊಡ್ಡ ಸ್ಥಾನ ಯಾಕೆ?

ಸಂಪಾದಕರ ಉತ್ತರ: ಖಂಡಿತ ಅಲ್ಲ. ಪ್ಯಾಂಟು ಅವರಿಗೆ ಕೆಲಸದ ಬಟ್ಟೆ ಆಗಿತ್ತು, ಅಷ್ಟೇ. ಕಸಾಯಿಖಾನೆಯ ರಕ್ತ, ಕುದುರೆ ಸಂತೆಯ ಕೆಸರಿನಲ್ಲಿ ನೆಲ ಗುಡಿಸುವ ಲಂಗ ತೊಟ್ಟು ಚಿತ್ರ ಬರೆಯೋದು ಹೇಗೆ? ಆದರೆ ಆಗ ಪ್ಯಾರಿಸಿನಲ್ಲಿ ಹೆಂಗಸರು ಪ್ಯಾಂಟ್ ತೊಡಲು ಪೊಲೀಸರ ಚೀಟಿ ಬೇಕಿತ್ತು. ಅದನ್ನೂ ಆರು ತಿಂಗಳಿಗೊಮ್ಮೆ ಹೊಸದು ಮಾಡಿಸಬೇಕಿತ್ತು.

ರೋಸಾ ಹುಟ್ಟಿದ್ದು 1822ರಲ್ಲಿ, ಬೋರ್ಡೊ ಊರಿನಲ್ಲಿ. ಹನ್ನೊಂದನೇ ವಯಸ್ಸಿಗೆ ತಾಯಿ ತೀರಿಕೊಂಡರು. ಮನೆಯಲ್ಲಿ ಬಡತನ. ಹೊಲಿಗೆ ಕಲಿಯಲು ಕಳಿಸಿದರು, ಅದು ಹತ್ತಲಿಲ್ಲ. ಕೊನೆಗೆ ಚಿತ್ರಕಾರರಾಗಿದ್ದ ತಂದೆಯೇ ಕಲಿಸಿದರು. 1848ರಲ್ಲಿ ಸಲೋನ್ ಎಂಬ ಪ್ಯಾರಿಸಿನ ದೊಡ್ಡ ಕಲಾ ಪ್ರದರ್ಶನದಲ್ಲಿ ಚಿನ್ನದ ಪದಕ ಬಂತು. ಸರ್ಕಾರ 3,000 ಫ್ರಾಂಕಿಗೆ ಉಳುಮೆಯ ಚಿತ್ರವೊಂದನ್ನು ಬರೆಸಿತು.

ಆ ಚಿತ್ರವನ್ನು ದಯವಿಟ್ಟು ಒಮ್ಮೆ ನಿಧಾನವಾಗಿ ನೋಡಿ. ‘ನಿವೆರ್ನೆಯಲ್ಲಿ ಉಳುಮೆ’, 1849. ನಿವೆರ್ನೆ ಅಂದರೆ ಫ್ರಾನ್ಸಿನ ಒಂದು ಸೀಮೆ. ಆರಾರು ಎತ್ತುಗಳು ಎಳೆಯುವ ಎರಡು ನೇಗಿಲು. ಮುಂಭಾಗದಲ್ಲಿ ಆಗಷ್ಟೇ ಮಗುಚಿದ ಮಣ್ಣು, ಹೆಂಟೆ ಹೆಂಟೆಯಾಗಿ. ಮನುಷ್ಯರು ಎತ್ತುಗಳ ಮರೆಗೆ ಸರಿದುಬಿಟ್ಟಿದ್ದಾರೆ. ನಡುವಿನ ಒಂದು ಎತ್ತು ನಮ್ಮ ಕಡೆಗೇ ಕಣ್ಣು ತಿರುಗಿಸಿದೆ. ಭಾರ ಎಳೆಯುವಾಗ ಹೆಗಲು ಎಲ್ಲಿ ಬಿಗಿಯುತ್ತದೆ, ತೊಡೆ ಎಲ್ಲಿ ಉಬ್ಬುತ್ತದೆ ಅನ್ನೋದು ನೇಗಿಲು ಹಿಡಿದವರಿಗೆ ಗೊತ್ತು. ರೋಸಾಗೂ ಗೊತ್ತಿತ್ತು. ಕಸಾಯಿಖಾನೆಯಲ್ಲಿ ಮೂಳೆ, ಸ್ನಾಯುಗಳನ್ನು ಹತ್ತಿರದಿಂದ ಕಂಡಿದ್ದರಲ್ವಾ? ಈ ಎತ್ತುಗಳನ್ನು ಅಲಂಕಾರಕ್ಕೆ ಬರೆದದ್ದಲ್ಲ. ದುಡಿಯುವ ಜೀವಕ್ಕೆ ಸಲ್ಲಬೇಕಾದ ಮರ್ಯಾದೆ ಅದು.

ಆಮೇಲೆ ‘ಕುದುರೆ ಸಂತೆ’ ಬಂತು. ಐದು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರ. ಅದಕ್ಕಾಗಿ ಗಂಡಸಿನ ವೇಷದಲ್ಲಿ ವಾರಕ್ಕೆರಡು ಸಲದಂತೆ ಒಂದೂವರೆ ವರ್ಷ ಪ್ಯಾರಿಸಿನ ಸಂತೆಗೆ ಹೋಗಿ ಸ್ಕೆಚ್ ಮಾಡಿಕೊಂಡರು. 1853ರಲ್ಲಿ ಜನ ಅದರ ಮುಂದೆ ಮುಗಿಬಿದ್ದರು. ಮುಂದೆ ಗ್ಯಾಂಬಾರ್ ಎಂಬ ವ್ಯಾಪಾರಿ ಅದನ್ನು ಕೊಂಡು ಇಂಗ್ಲೆಂಡಿಗೆ ಒಯ್ದರು. ವಿಕ್ಟೋರಿಯಾ ರಾಣಿಯೂ ನೋಡಿದರು.

ಬಂದ ದುಡ್ಡಿನಲ್ಲಿ ರೋಸಾ ಫಾಂಟೆನ್‌ಬ್ಲೋ ಕಾಡಿನಂಚಿನ ತೊಮೆರಿಯಲ್ಲಿ ದೊಡ್ಡ ಮನೆ ಕೊಂಡರು. ಗೆಳತಿ ನಾಟಲಿ ಮಿಕಾ ಜೊತೆಗಿದ್ದರು. ಸಿಂಹಗಳನ್ನೂ ಸಾಕಿದ್ದರು! 1865ರಲ್ಲಿ ಫ್ರಾನ್ಸಿನ ಸಾಮ್ರಾಜ್ಞಿ ಯೂಜೆನಿ ಆ ಮನೆಗೇ ಬಂದು, ದೇಶದ ಅತಿ ದೊಡ್ಡ ಗೌರವವಾದ ಲೀಜನ್ ಆಫ್ ಆನರ್ ಪದಕ ತೊಡಿಸಿದರು. ಈ ಗೌರವ ಪಡೆದ ಮೊದಲ ಕಲಾವಿದೆ ಅವರು.

ಹಾಗಾದರೆ ಜನ ಅವರ ಚಿತ್ರಗಳನ್ನು ಮರೆತದ್ದು ಯಾಕೆ? ಚಿತ್ರಗಳು ಜಾಸ್ತಿ ಇಂಗ್ಲೆಂಡ್, ಅಮೆರಿಕಕ್ಕೆ ಮಾರಾಟವಾದವು. ಫ್ರಾನ್ಸಿನಲ್ಲಿ ಬಿಡಿಬಿಡಿ ಕುಂಚದ ಗೀರುಗಳಲ್ಲಿ ಬೆಳಕು, ಬಣ್ಣ ಹಿಡಿಯುವ ಇಂಪ್ರೆಷನಿಸ್ಟ್ ಚಿತ್ರಕಾರರ ಕಾಲ ಬಂತು, ಇಂಥ ನುಣುಪು ಕೆಲಸ ಹಳತು ಅನಿಸಿತು. 1899ರಲ್ಲಿ ರೋಸಾ ತೀರಿಕೊಂಡ ಮೇಲೆ ಚಿತ್ರಗಳಿಗಿಂತ ಪ್ಯಾಂಟಿನ ಕತೆಯೇ ಹೆಚ್ಚು ಓಡಾಡಿತು. ನನಗೆ ಇದು ನಿಜಕ್ಕೂ ಅನ್ಯಾಯ ಅನಿಸುತ್ತದೆ.

‘ಉಳುಮೆ’ ಈಗ ಪ್ಯಾರಿಸಿನ ಓರ್ಸೆ ಮ್ಯೂಸಿಯಂನಲ್ಲಿದೆ, ‘ಕುದುರೆ ಸಂತೆ’ ನ್ಯೂಯಾರ್ಕಿನ ಮೆಟ್ರೊಪಾಲಿಟನ್‌ನಲ್ಲಿ. ಎರಡೂ ಮ್ಯೂಸಿಯಂಗಳ ವೆಬ್‌ಸೈಟಿನಲ್ಲಿ ನೋಡಬಹುದು. ನೋಡಿ ಇನ್ನೊಂದು ಪತ್ರ ಬರೆಯಿರಿ.